ಮೂರು ಪಕ್ಷ, ಒಂದೇ ಸಾಲದ ಪುಸ್ತಕ

ಮೈಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೋಗುವ ಕೆಂಪು ಬಸ್ಸು ಹಂಪಾಪುರದಲ್ಲಿ ನಿಂತರೆ ಹೆಂಗಸರು ಆಧಾರ್ ಕಾರ್ಡ್ ಹಿಡಿದುಕೊಂಡೇ ಹತ್ತುತ್ತಾರೆ. ಕಂಡಕ್ಟರ್ ಕೊಡುವುದು ಶೂನ್ಯ ದರದ ಟಿಕೆಟ್. ಆ ಟಿಕೆಟ್ಟಿಗೂ ಒಂದು ದರವಿದೆ. ಅದು ಪ್ರಯಾಣಿಕರ ಬದಲು ಸರ್ಕಾರದ ಲೆಕ್ಕಕ್ಕೆ ಬೀಳುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಇಂಥ ಟಿಕೆಟ್‌ಗಳ ಸಂಖ್ಯೆ 2025ರ ಜುಲೈ ವೇಳೆಗೆ 500 ಕೋಟಿ ಮುಟ್ಟಿತು. ಸರ್ಕಾರದಿಂದ ಬರಬೇಕಾದ ಹಣದ ಬಾಕಿ ಬೆಳೆಯುತ್ತಿದ್ದಾಗ, 2025ರ ಆರಂಭದಲ್ಲಿ ನಾಲ್ಕೂ ಸಾರಿಗೆ ನಿಗಮಗಳಿಗೆ 2,000 ಕೋಟಿ ರೂಪಾಯಿ ಸಾಲ ಎತ್ತಲು ಒಪ್ಪಿಗೆ ಸಿಕ್ಕಿತು. ಅದೇ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಹೆಂಡತಿಯ ಪಕ್ಕದಲ್ಲಿ ಕೂತ ಗಂಡ ತನ್ನ ಟಿಕೆಟ್ಟಿಗೆ ಮೊದಲಿಗಿಂತ ಹೆಚ್ಚು ಕೊಟ್ಟ.

ಶಕ್ತಿ ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆ ಚರ್ಚೆ. ಕೂಲಿಗೆ, ಆಸ್ಪತ್ರೆಗೆ, ತವರಿಗೆ ಹೋಗಿಬರುವ ಹೆಂಗಸಿಗೆ ಅದರಿಂದ ಆದ ಅನುಕೂಲ ಸಣ್ಣದಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಸರ್ಕಾರದ ಸಾಲ ಬೆಳೆಯುವುದಕ್ಕೂ ಪಕ್ಷಗಳ ಪೈಪೋಟಿಗೂ ಇರುವ ಸಂಬಂಧ ಏನು?

ಲೆಕ್ಕ ಮೊದಲು ನೋಡೋಣ. ಎಚ್.ಡಿ. ಕುಮಾರಸ್ವಾಮಿ 2018ರ ಜುಲೈನಲ್ಲಿ ಬಜೆಟ್ ಮಂಡಿಸಿದಾಗ, ಆ ಆರ್ಥಿಕ ವರ್ಷದ ಕೊನೆಗೆ ರಾಜ್ಯದ ಒಟ್ಟು ಹೊಣೆಗಾರಿಕೆ ಸುಮಾರು 2.92 ಲಕ್ಷ ಕೋಟಿ ರೂಪಾಯಿ ಆಗಲಿದೆ ಎಂಬ ಅಂದಾಜಿತ್ತು. 2023ರ ಫೆಬ್ರುವರಿಯಲ್ಲಿ ಬಸವರಾಜ ಬೊಮ್ಮಾಯಿ ತಮ್ಮ ಕೊನೆಯ ಬಜೆಟ್ ಓದಿದಾಗ ಮುಂದಿನ ವರ್ಷಾಂತ್ಯದ ಅಂದಾಜು 5.65 ಲಕ್ಷ ಕೋಟಿಯ ಹತ್ತಿರ ಇತ್ತು. 2025ರ ಮಾರ್ಚ್ 7ರಂದು ಸಿದ್ದರಾಮಯ್ಯ ತಮ್ಮ 16ನೇ ಬಜೆಟ್ ಮಂಡಿಸಿದರು. ಅದರ ಗಾತ್ರ 4,09,549 ಕೋಟಿ. ಅದರಲ್ಲಿ ಸಾಲವಾಗಿ ತರುವುದು 1.16 ಲಕ್ಷ ಕೋಟಿ. ವರ್ಷಾಂತ್ಯಕ್ಕೆ ಒಟ್ಟು ಹೊಣೆ 7,64,655 ಕೋಟಿ. ಈ ಏಳು ವರ್ಷಗಳಲ್ಲಿ ಜೆಡಿಎಸ್–ಕಾಂಗ್ರೆಸ್ ಮೈತ್ರಿ, ಬಿಜೆಪಿ, ಕಾಂಗ್ರೆಸ್ ಒಂದಾದ ಮೇಲೊಂದು ವಿಧಾನಸೌಧದಲ್ಲಿ ಕೂತವು. ಸಾಲದ ಮೊತ್ತ ಎರಡೂವರೆ ಪಟ್ಟು ದಾಟಿತು.

ವಿಧಾನಸಭೆಯಲ್ಲಿ ಈ ಅಂಕಿಗಳು ಬೈಗುಳದ ಸರಕು. ಬಿಜೆಪಿ ಸರ್ಕಾರ ಇದ್ದಾಗ ಸಾಲ ದುಪ್ಪಟ್ಟಾಯಿತೆಂದು ಕಾಂಗ್ರೆಸ್ಸಿನವರು ಹೇಳಿದರೆ, ಶಕ್ತಿಯಂಥ ಕಾಂಗ್ರೆಸ್ ಗ್ಯಾರಂಟಿಗಳಿಂದ ರಾಜ್ಯ ದಿವಾಳಿ ಎಂದು ಬಿಜೆಪಿಯವರು ಹೇಳುತ್ತಾರೆ. ವಿರೋಧ ಪಕ್ಷದಲ್ಲಿದ್ದವರು ಯಾರೇ ಇರಲಿ, ಒಟ್ಟು ಸಾಲವನ್ನು ಜನಸಂಖ್ಯೆಯಿಂದ ಭಾಗಿಸಿ, ಹುಟ್ಟುವ ಮಗುವಿನ ತಲೆಯ ಮೇಲೂ ಒಂದು ಲಕ್ಷ ಸಾಲ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಆದರೆ ಇದು ಅರ್ಧ ಲೆಕ್ಕ. ದಶಕದಿಂದ ದಶಕಕ್ಕೆ ಬೆಲೆಯೂ ಸಂಬಳವೂ ವ್ಯಾಪಾರವೂ ಬೆಳೆಯುವಾಗ ಸಾಲದ ರೂಪಾಯಿಯೂ ಬೆಳೆಯುತ್ತದೆ. ಹಾಗಾಗಿ ನೋಡಬೇಕಾದದ್ದು ರಾಜ್ಯದ ಒಟ್ಟು ಉತ್ಪನ್ನದಲ್ಲಿ ಸಾಲದ ಪಾಲು ಎಷ್ಟು ಎಂಬುದನ್ನು. 2018ರ ಅಂದಾಜಿನಲ್ಲಿ ಅದು ಶೇ 21ರ ಒಳಗಿತ್ತು. 2025–26ರ ಅಂದಾಜಿನಲ್ಲಿ ಶೇ 24.91. ಪಂಜಾಬಿನಲ್ಲಿ ಈ ಪಾಲು ಶೇ 40 ದಾಟಿ ವರ್ಷಗಳಾದವು. ಕರ್ನಾಟಕ ಮುಳುಗಿಲ್ಲ. ಆದರೆ ಕಾನೂನು ಎಳೆದ ಗೆರೆ ಶೇ 25. ಆ ಅಂದಾಜಿನಲ್ಲಿ ಮಿಕ್ಕಿದ್ದ ಜಾಗ ಶೇ 0.09.

ಆ ಗೆರೆ ಎಳೆದದ್ದು ಕರ್ನಾಟಕವೇ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2002ರಲ್ಲಿ, ಇಡೀ ದೇಶದಲ್ಲಿ ಮೊದಲ ಬಾರಿಗೆ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ಇದು. ಕೇಂದ್ರದ ಕಾಯ್ದೆ ಬಂದದ್ದು ಅದರ ಮರುವರ್ಷ. ದಿನದ ಖರ್ಚಿಗೆ ಸಾಲ ಮಾಡಬಾರದು, ವರ್ಷದ ಒಟ್ಟು ಕೊರತೆ ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಹೊಣೆ ಶೇ 25 ಮೀರಬಾರದು ಎಂಬ ಮೂರು ಕಟ್ಟುಪಾಡುಗಳು ಅದರಲ್ಲಿವೆ. ಮೊದಲನೆಯದನ್ನು ಕೊರೋನಾ ಬರುವ ತನಕ ಎಲ್ಲ ಸರ್ಕಾರಗಳೂ ಹೆಚ್ಚುಕಡಿಮೆ ಪಾಲಿಸಿಕೊಂಡು ಬಂದವು. 2004–05ರಿಂದ ರಾಜ್ಯದ ಆದಾಯ ದಿನದ ಖರ್ಚಿಗಿಂತ ಮೇಲೇ ಇತ್ತು. ಧರ್ಮಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ, ಸಿದ್ದರಾಮಯ್ಯ ಯಾರೇ ಇದ್ದರೂ ಆ ಶಿಸ್ತು ಉಳಿಯಿತು ಎಂಬುದು ಈ ರಾಜ್ಯದ ರಾಜಕಾರಣಿಗಳಿಗೆ ಸಲ್ಲಬೇಕಾದ ಹೊಗಳಿಕೆ. ಸಾಮಾನ್ಯವಾಗಿ ಯಾರೂ ಅದನ್ನು ಹೇಳುವುದಿಲ್ಲ. ಆದರೆ 2024–25ರ ಬಜೆಟ್ಟಿನಲ್ಲಿ ಆದಾಯ ಕೊರತೆಯೇ 27,354 ಕೋಟಿ ಎಂದು ತೋರಿಸಲಾಯಿತು. ಮರುವರ್ಷ 19,262 ಕೋಟಿ. ಎಂದರೆ ಸಾಲದ ಒಂದು ಭಾಗ ಕಾಲುವೆಗೋ ರಸ್ತೆಗೋ ಹೋಗದೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಕ್ಕೆ ಹೋಗುತ್ತಿದೆ. ಒಟ್ಟು ಮೊತ್ತಕ್ಕಿಂತ ಹೆಚ್ಚು ಕಳವಳ ಹುಟ್ಟಿಸಬೇಕಾದದ್ದು ಈ ಸಾಲು.

ಸಾಲ ಬರುವುದಾದರೂ ಎಲ್ಲಿಂದ? ಹಿಂದೆ ಬಹುಪಾಲು ದೆಹಲಿಯಿಂದ. 1969ರಲ್ಲಿ ಬಂದ ಗಾಡ್ಗೀಳ್ ಸೂತ್ರದಂತೆ ರಾಜ್ಯಗಳ ಯೋಜನೆಗೆ ಕೇಂದ್ರ ಕೊಡುತ್ತಿದ್ದ ನೆರವಿನಲ್ಲಿ 70 ಪಾಲು ಸಾಲ, 30 ಪಾಲು ಅನುದಾನ. 12ನೇ ಹಣಕಾಸು ಆಯೋಗ 2005ರಿಂದ ಆ ಪದ್ಧತಿ ನಿಲ್ಲಿಸಿತು. ರಾಜ್ಯಗಳು ಮಾರುಕಟ್ಟೆಗೆ ಬಂದವು. ಈಗ ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಮಂಗಳವಾರ ರಾಜ್ಯಗಳ ಸಾಲಪತ್ರಗಳನ್ನು ಹರಾಜು ಹಾಕುತ್ತದೆ. ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿಗಳು. ಹುಣಸೂರಿನ ಶಿಕ್ಷಕರೊಬ್ಬರು ಕಟ್ಟಿದ ಎಲ್‌ಐಸಿ ಕಂತು, ಕೆ.ಆರ್. ನಗರದ ಅಂಗಡಿಯವರು ಬ್ಯಾಂಕಿನಲ್ಲಿ ಇಟ್ಟ ಠೇವಣಿ ಹೀಗೇ ಸುತ್ತಿ ವಿಧಾನಸೌಧ ಸೇರುತ್ತದೆ. ಸರ್ಕಾರ ಸಾಲಗಾರ, ಸಾಲ ಕೊಟ್ಟವರಲ್ಲಿ ನಾವೂ ಇದ್ದೇವೆ. ಎಷ್ಟು ಬೇಕಾದರೂ ತರುವಂತಿಲ್ಲ, ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರಕ್ಕೆ ಸಾಲ ಬಾಕಿ ಇರುವ ರಾಜ್ಯ ಕೇಂದ್ರದ ಒಪ್ಪಿಗೆ ಪಡೆಯಬೇಕು. ಬಾಕಿ ಇಲ್ಲದ ರಾಜ್ಯವೇ ಇಲ್ಲದಿರುವುದರಿಂದ ಬೀಗದ ಕೈ ದೆಹಲಿಯಲ್ಲಿದೆ.

ಮೈಸೂರು ಸೀಮೆಗೆ ಸರ್ಕಾರಿ ಸಾಲ ಹೊಸ ಸಂಗತಿಯಲ್ಲ. 1881ರಲ್ಲಿ ಬ್ರಿಟಿಷರು ಒಡೆಯರಿಗೆ ರಾಜ್ಯ ಮರಳಿಸಿದಾಗ, ಜೊತೆಗೆ 80 ಲಕ್ಷ ರೂಪಾಯಿ ಸಾಲವನ್ನೂ ಹೊರಿಸಿದರು. 1876ರಿಂದ 78ರ ತನಕ ಕಾಡಿದ ಧಾತು ಸಂವತ್ಸರದ ಬರದಲ್ಲಿ ಗಂಜಿ ಕೇಂದ್ರಗಳಿಗೂ ಪರಿಹಾರ ಕಾಮಗಾರಿಗಳಿಗೂ ಆದ ಖರ್ಚಿನ ಬಾಕಿ ಅದು. ಆ ಖಾಲಿ ಬೊಕ್ಕಸ ಹಿಡಿದ ದಿವಾನ್ ರಂಗಾಚಾರ್ಲು ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ರೈತರೂ ವರ್ತಕರೂ ಕೂತ ಆ ಸಭೆಯಲ್ಲಿ ದಿವಾನರು ರಾಜ್ಯದ ಆದಾಯ, ಖರ್ಚು, ಸಾಲ ಎಲ್ಲವನ್ನೂ ಬಿಡಿಸಿ ಹೇಳಿದರು. ಸಭೆಗೆ ಅಧಿಕಾರ ಏನೂ ಇರಲಿಲ್ಲ, ಪಕ್ಷಗಳೂ ಇರಲಿಲ್ಲ. ಆದರೂ ಸರ್ಕಾರದ ಸಾಲದ ವಿಷಯ ಹಳ್ಳಿಯಿಂದ ಬಂದವರ ಎದುರು ಮಾತಾಡಬೇಕಾದ ವಿಷಯ ಎಂಬ ವಾಡಿಕೆ ಈ ನಾಡಿನಲ್ಲಿ ಅಲ್ಲಿಂದ ಶುರುವಾಯಿತು.

ಇನ್ನೊಂದು ಸಾಲದ ಕಥೆ ಹುಣಸೂರಿನದು. ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1976ರಲ್ಲಿ, ಋಣಪರಿಹಾರ ಕಾಯ್ದೆ ಬಂತು. ಬಡ ರೈತರು, ಕೂಲಿಕಾರರು ಲೇವಾದೇವಿಯವರಿಂದ ತಂದಿದ್ದ ಸಾಲ ತೀರಿತೆಂದು ಕಾಯ್ದೆ ಸಾರಿತು. ಒತ್ತೆ ಇಟ್ಟ ಒಡವೆ, ಪಾತ್ರೆ ಮರಳಿಸಬೇಕೆಂದಿತು. ಸಾಹುಕಾರರು ಕೂಗಾಡಿದರು. ಗಮನಿಸಬೇಕಾದ ಅಂಶವೆಂದರೆ, ಅರಸರ ಮನ್ನಾದಲ್ಲಿ ನಷ್ಟ ಹೊತ್ತವನು ಬಡ್ಡಿ ತಿಂದ ಸಾಹುಕಾರ. ಬೊಕ್ಕಸದ ಮೇಲೆ ಹೊರೆ ಬೀಳಲಿಲ್ಲ. ಆಮೇಲೆ ಬಂದ ಮನ್ನಾಗಳ ಕಥೆಯೇ ಬೇರೆ. ಅಷ್ಟರಲ್ಲಿ ಸಾಲ ಕೊಡುವ ಜಾಗಕ್ಕೆ ಸೊಸೈಟಿಯೂ ಬ್ಯಾಂಕೂ ಬಂದಿದ್ದವು. ಸೊಸೈಟಿ ಸಾಲ ಮನ್ನಾ ಆದರೆ ಆ ಹಣ ಸೊಸೈಟಿಗೆ ಯಾರಾದರೂ ಕಟ್ಟಲೇಬೇಕು. ರೈತನ ಪುಸ್ತಕದಿಂದ ಸರ್ಕಾರದ ಪುಸ್ತಕಕ್ಕೆ ಸಾಲ ವರ್ಗವಾಗುತ್ತದೆ.

ಹೀಗೆ ವರ್ಗ ಮಾಡುವುದರಲ್ಲಿ ಯಾವ ಪಕ್ಷವೂ ಹಿಂದೆ ಬೀಳಲಿಲ್ಲ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರ ಫೆಬ್ರುವರಿಯಲ್ಲಿ ಪಿ. ಚಿದಂಬರಂ 60,000 ಕೋಟಿಯ ಮನ್ನಾ ಘೋಷಿಸಿದರು. ಚುನಾವಣೆಗೆ ಒಂದು ವರ್ಷವಿತ್ತು. ರಾಜ್ಯದಲ್ಲಿ ಜಗದೀಶ ಶೆಟ್ಟರ್ 2012ರಲ್ಲಿ ಸಹಕಾರ ಸಂಘಗಳ 25,000 ರೂಪಾಯಿವರೆಗಿನ ಸಾಲ ಬಿಟ್ಟರು. ಚುನಾವಣೆಗೆ ಒಂದು ವರ್ಷವೂ ಇರಲಿಲ್ಲ. ಸಿದ್ದರಾಮಯ್ಯ 2017ರ ಜೂನ್‌ನಲ್ಲಿ 50,000ದವರೆಗೆ ಬಿಟ್ಟರು, 22 ಲಕ್ಷಕ್ಕೂ ಹೆಚ್ಚು ರೈತರು, 8,165 ಕೋಟಿ; ಅದೂ ಚುನಾವಣೆಗೆ ಒಂದು ವರ್ಷದೊಳಗೆ. ಆ ಚುನಾವಣೆಯಲ್ಲಿ ಕುಮಾರಸ್ವಾಮಿ ಪೂರ್ತಿ ಮನ್ನಾ ಮಾಡುತ್ತೇನೆಂದರು. ಬಹುಮತ ಬರಲಿಲ್ಲ, ಮುಖ್ಯಮಂತ್ರಿ ಪದವಿ ಬಂತು. 34,000 ಕೋಟಿಯ ಮನ್ನಾ ಘೋಷಿಸಿದ ಬಜೆಟ್ಟಿನಲ್ಲೇ ಪೆಟ್ರೋಲ್, ಡೀಸೆಲ್, ವಿದ್ಯುತ್, ಮದ್ಯದ ತೆರಿಗೆಗಳನ್ನೂ ಏರಿಸಿದರು. ಮನ್ನಾಕ್ಕೆ ಷರತ್ತುಗಳೂ ಇದ್ದವು: ಕುಟುಂಬಕ್ಕೊಬ್ಬರು, ಎರಡು ಲಕ್ಷದ ಮಿತಿ, ಆದಾಯ ತೆರಿಗೆ ಕಟ್ಟುವವರಿಗಿಲ್ಲ.

ಆ ಸರ್ಕಾರ ಬಿದ್ದ ಕಥೆಯಲ್ಲಿ ಹುಣಸೂರಿಗೂ ಪಾತ್ರವಿದೆ. ಕೆ.ಆರ್. ನಗರದ ಕಾಂಗ್ರೆಸ್ ನಾಯಕರಾಗಿ ಬೆಳೆದ ಎ.ಎಚ್. ವಿಶ್ವನಾಥ್ 2018ರಲ್ಲಿ ಜೆಡಿಎಸ್‌ನಿಂದ ಹುಣಸೂರಿನ ಶಾಸಕರಾದರು, 2019ರಲ್ಲಿ ರಾಜೀನಾಮೆ ಕೊಟ್ಟವರ ಸಾಲಿನಲ್ಲಿದ್ದರು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಎದುರು ಸೋತರು. ಒಬ್ಬ ರಾಜಕಾರಣಿ ಮೂರು ಪಕ್ಷದಲ್ಲೂ ಸಲೀಸಾಗಿ ಹೊಂದಿಕೊಳ್ಳಬಹುದಾದರೆ, ಆ ಮೂರು ಪಕ್ಷಗಳ ಹಣಕಾಸು ನೀತಿಯಲ್ಲಿ ಭಾರಿ ಅಂತರವನ್ನು ಹುಡುಕುವುದೂ ಕಷ್ಟ. ಇನ್ನೊಂದು ವಿಚಿತ್ರ: ವಿಶ್ವಾಸಮತ ಸೋತ ಮರುದಿನ ಕುಮಾರಸ್ವಾಮಿ ಪ್ರಕಟಿಸಿದ್ದು ಮತ್ತೊಂದು ಋಣಪರಿಹಾರ ಕಾಯ್ದೆಯನ್ನು. ಎರಡು ಹೆಕ್ಟೇರಿಗಿಂತ ಕಡಿಮೆ ಜಮೀನಿನವರು, ವರ್ಷದ ವರಮಾನ 1.2 ಲಕ್ಷದೊಳಗಿನವರು ಖಾಸಗಿ ಲೇವಾದೇವಿಯವರಿಗೆ ಕೊಡಬೇಕಾದ ಸಾಲ ತೀರಿತೆಂದು ಅದು ಹೇಳಿತು. ಅರಸರ ದಾರಿಯೇ. ಅಷ್ಟಾದರೂ ಆರು ವರ್ಷ ಕಳೆಯುವುದರೊಳಗೆ ಮೈಸೂರು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಹೋದರು. 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಮನ್ನಾ ಕಣ್ಣಿಗೆ ಬೀಳುತ್ತದೆ, ಸದ್ದಿಲ್ಲದೆ ಏರುವ ಖರ್ಚು ಬೀಳುವುದಿಲ್ಲ. ಹಂಪಾಪುರದ ಡೇರಿಗೆ ಹಾಲು ಹಾಕುವವರ ಪ್ರೋತ್ಸಾಹಧನವನ್ನೇ ನೋಡಿ. 2008ರಲ್ಲಿ ಯಡಿಯೂರಪ್ಪ ಲೀಟರಿಗೆ 2 ರೂಪಾಯಿ ಕೊಟ್ಟರು. ಸಿದ್ದರಾಮಯ್ಯ ಅದನ್ನು 4 ಮಾಡಿದರು, ಆಮೇಲೆ 5. ಬೆಳೆಸಾಲದ ಬಡ್ಡಿಯನ್ನು ಬಿಜೆಪಿ 2011ರಲ್ಲಿ ಶೇ 1ಕ್ಕೆ ಇಳಿಸಿತು; ಕಾಂಗ್ರೆಸ್ ಅವಧಿಯಲ್ಲಿ ಅದು 3 ಲಕ್ಷದವರೆಗೆ ಸೊನ್ನೆಯಾಯಿತು; ಬೊಮ್ಮಾಯಿ ಆ ಸೊನ್ನೆ ಬಡ್ಡಿಯ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು; ಸಿದ್ದರಾಮಯ್ಯ ಅದನ್ನು ಮುಂದುವರಿಸಿದರು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ತಿನ ಸಹಾಯಧನವೇ ವರ್ಷಕ್ಕೆ 16 ಸಾವಿರ ಕೋಟಿಯ ಆಸುಪಾಸು. ಇದನ್ನು ಮುಟ್ಟುತ್ತೇನೆ ಎನ್ನುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಸರ್ಕಾರಿ ನೌಕರರ ವೇತನಕ್ಕೂ ಇದೇ ನಿಯಮ: ಬೊಮ್ಮಾಯಿ 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಶೇ 17 ಮಧ್ಯಂತರ ಹೆಚ್ಚಳ ಕೊಟ್ಟರು, 2024ರ ಆಗಸ್ಟ್‌ನಿಂದ ಕಾಂಗ್ರೆಸ್ ಸರ್ಕಾರ 7ನೇ ವೇತನ ಆಯೋಗದ ಶಿಫಾರಸು ಜಾರಿ ಮಾಡಿತು. ಅದರ ಹೊರೆ ವರ್ಷಕ್ಕೆ 20 ಸಾವಿರ ಕೋಟಿ ದಾಟುತ್ತದೆ. ಗ್ಯಾರಂಟಿಗಳನ್ನು ಬಿಟ್ಟಿ ಭಾಗ್ಯ ಎಂದು ಮೂಗು ಮುರಿದವರು ಇದರ ಬಗ್ಗೆ ಚಕಾರ ಎತ್ತಲಿಲ್ಲ.

ಇನ್ನು ಗ್ಯಾರಂಟಿ. ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ, ರಾಹುಲ್ ಗಾಂಧಿ ಸಮ್ಮುಖದಲ್ಲಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. 2025–26ರಲ್ಲಿ ಅದರ ಬಾಬತ್ತು 28,608 ಕೋಟಿ. ಐದೂ ಗ್ಯಾರಂಟಿಗೆ ಆ ವರ್ಷ 51,034 ಕೋಟಿ. ಇದನ್ನು ಕಾಂಗ್ರೆಸ್ ಒಂದರ ಆವಿಷ್ಕಾರ ಎನ್ನುವುದು ಸರಿಯಲ್ಲ. ಪ್ರಧಾನಿ ನರೇಂದ್ರ ಮೋದಿ 2022ರ ಜುಲೈನಲ್ಲಿ ‘ರೇವ್ಡಿ’ (ಬಿಟ್ಟಿ ಕೊಡುಗೆ) ಹಂಚುವ ಸಂಸ್ಕೃತಿಯನ್ನು ಜರೆದರು. ಮರುವರ್ಷ ಬೊಮ್ಮಾಯಿ ಬಜೆಟ್ಟಿನಲ್ಲಿ ಭೂರಹಿತ ಕೂಲಿ ಮಹಿಳೆಯರಿಗೆ ತಿಂಗಳ ಹಣ ಕೊಡುವ ‘ಗೃಹಿಣಿ ಶಕ್ತಿ’ ಇತ್ತು. ಬಿಜೆಪಿ ಪ್ರಣಾಳಿಕೆಯಲ್ಲಿ ಬಡ ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ–ಗಣೇಶ ಚತುರ್ಥಿ–ದೀಪಾವಳಿಗೆ ಮೂರು ಉಚಿತ ಸಿಲಿಂಡರ್ ಇತ್ತು. ಜೆಡಿಎಸ್ ಐದು ಸಿಲಿಂಡರ್ ಎಂದಿತು. ಮಧ್ಯಪ್ರದೇಶದ ಲಾಡ್ಲಿ ಬೆಹನಾ, ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಬಂದದ್ದು ಬಿಜೆಪಿ ಇದ್ದ ಸರ್ಕಾರಗಳಿಂದಲೇ. ದಸರಾ ಹರಾಜಿನಲ್ಲಿ ಕೂಗುವವರ ಹಾಗೆ ಒಬ್ಬರ ಮೇಲೊಬ್ಬರು ಕೂಗಿದರು. ಹಣ ಎಣಿಸುವ ಸರದಿ ಗೆದ್ದವರಿಗೆ ಬಂತು.

ಮಹಾಲೇಖಪಾಲರ ವರದಿ 2025ರ ಆಗಸ್ಟ್‌ನಲ್ಲಿ ಸದನದ ಮುಂದೆ ಬಂದಾಗ ಆ ಎಣಿಕೆ ಹೊರಬಿತ್ತು. 2023–24ರಲ್ಲಿ ರಾಜ್ಯದ ಆದಾಯ ಶೇ 1.86ರಷ್ಟು ಬೆಳೆದರೆ ಆದಾಯ ಲೆಕ್ಕದ ಖರ್ಚು ಶೇ 12.54ರಷ್ಟು ಏರಿತ್ತು. ಮಾರುಕಟ್ಟೆ ಸಾಲ ನಿವ್ವಳ 63,000 ಕೋಟಿ. ಕಟ್ಟಡ, ಕಾಲುವೆ, ರಸ್ತೆಯಂಥ ಬಂಡವಾಳ ಖರ್ಚು ಹಿಂದಿನ ವರ್ಷಕ್ಕಿಂತ 5,229 ಕೋಟಿ ಇಳಿದಿತ್ತು. ಬಡ್ಡಿ ಪಾವತಿ 2025–26ರಲ್ಲಿ 45 ಸಾವಿರ ಕೋಟಿಯ ಸುತ್ತ. ಐದು ಗ್ಯಾರಂಟಿಗಳ ಮೊತ್ತವನ್ನು ಅದು ಹತ್ತಿರ ಹತ್ತಿರ ಮುಟ್ಟಿತು. ಬಡ್ಡಿಗೆ ಮಾತ್ರ ಯಾರೂ ಹೆಸರಿಡುವುದಿಲ್ಲ, ಉದ್ಘಾಟನೆ ಮಾಡುವುದಿಲ್ಲ.

ಸಾಲ ಮಾಡುವುದೇ ತಪ್ಪಲ್ಲ ಎಂಬುದಕ್ಕೆ ಎಚ್.ಡಿ. ಕೋಟೆಗಿಂತ ಬೇರೆ ಸಾಕ್ಷಿ ಬೇಡ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಹೀಗೆ ನಾಲ್ಕು ಜಲಾಶಯಗಳು ಈ ಸೀಮೆಯಲ್ಲಿವೆ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಇಂದಿಗೂ ನಂಜನಗೂಡು, ಟಿ. ನರಸೀಪುರ, ಚಾಮರಾಜನಗರದ ಗದ್ದೆಗಳಿಗೆ ನೀರು ಹರಿಸುತ್ತದೆ. ನೆಲ ಕಳೆದುಕೊಂಡ ತಾಲ್ಲೂಕಿಗೆ ನೀರು ಸಿಕ್ಕಿದ್ದು ಕಡಿಮೆ ಎಂಬ ಕೊರಗು ಕೋಟೆಯವರದು, ನ್ಯಾಯವಾದದ್ದೂ ಹೌದು. ಆದರೂ ಸಾಲ ತಂದು ಹಾಕಿದ ಹಣ ಐವತ್ತು ವರ್ಷ ಬೆಳೆ ಕೊಟ್ಟರೆ ಆ ಸಾಲಕ್ಕೆ ಅಂಜಬೇಕಿಲ್ಲ. ಅಪಾಯವಿರುವುದು ಸಾಲವನ್ನು ಬಚ್ಚಿಡುವುದರಲ್ಲಿ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು, 2003ರಲ್ಲಿ ಕಾವೇರಿ ನೀರಾವರಿ ನಿಗಮ. ಸರ್ಕಾರದ ಖಾತರಿಯ ಮೇಲೆ ಇಂಥ ನಿಗಮಗಳು ಎತ್ತಿದ ಸಾಲ ಬಜೆಟ್ಟಿನ ಪುಟದಲ್ಲಿ ಸಾಲವಾಗಿ ಕಾಣುತ್ತಿರಲಿಲ್ಲ; ತೀರಿಸುವುದು ಮಾತ್ರ ಬೊಕ್ಕಸದಿಂದಲೇ. 2022ರಿಂದ ಕೇಂದ್ರ ಇಂಥ ಸಾಲವನ್ನೂ ರಾಜ್ಯದ ಮಿತಿಯೊಳಗೆ ಎಣಿಸತೊಡಗಿತು. ರಾಜ್ಯಗಳು ಗೊಣಗಿದವು.

ಕೇಂದ್ರದ ಕೈಯೇನೂ ಶುದ್ಧವಾಗಿಲ್ಲ. 2014ರಲ್ಲಿ ಸುಮಾರು 55 ಲಕ್ಷ ಕೋಟಿಯಿದ್ದ ಕೇಂದ್ರದ ಸಾಲ 2023ರ ಮಾರ್ಚ್ ವೇಳೆಗೆ 155 ಲಕ್ಷ ಕೋಟಿ ದಾಟಿತ್ತು, ದೇಶದ ಉತ್ಪನ್ನದ ಶೇ 57. ಅಲ್ಲಿ ಕಾಂಗ್ರೆಸ್ಸಿನವರು ಆಡುವ ಮಾತು ಇಲ್ಲಿ ಬಿಜೆಪಿಯವರು ಆಡುವ ಮಾತೇ. ಇನ್ನು 15ನೇ ಹಣಕಾಸು ಆಯೋಗ ಕರ್ನಾಟಕದ ತೆರಿಗೆ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿತು, ಆಯೋಗ ಹೇಳಿದ 5,495 ಕೋಟಿಯ ವಿಶೇಷ ಅನುದಾನ ಬರಲೇ ಇಲ್ಲ. 2024ರ ಫೆಬ್ರುವರಿ 7ರಂದು ಸಿದ್ದರಾಮಯ್ಯ ಸಂಪುಟದೊಂದಿಗೆ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಅವರ ದೂರಿನಲ್ಲಿ ತಿರುಳಿದೆ. ಪಾಲು ಕಡಿಮೆಯಾದರೆ ಸಾಲ ಹೆಚ್ಚಾಗುವುದು ಸಹಜ. ಅದೊಂದೇ ಕಾರಣ ಎನ್ನುವುದರಲ್ಲಿ ಮಾತ್ರ ತಿರುಳಿಲ್ಲ.

ಕೊರೋನಾ ಕಾಲದ ಸಾಲ ಹುಣಸೂರು–ಪಿರಿಯಾಪಟ್ಟಣದ ಹೊಗೆಸೊಪ್ಪಿಗೂ ತಗುಲಿಕೊಂಡಿತ್ತು. ಜಿಎಸ್‌ಟಿ ನಷ್ಟ ತುಂಬಿಕೊಡಲು ಕೇಂದ್ರ ಎರಡು ವರ್ಷದಲ್ಲಿ 2.69 ಲಕ್ಷ ಕೋಟಿ ಸಾಲ ಎತ್ತಿ ರಾಜ್ಯಗಳಿಗೆ ಕೊಟ್ಟಿತು. ತೀರಿಸಲು ಪರಿಹಾರ ಸೆಸ್ಸನ್ನು ಮುಂದುವರಿಸಿತು. 2025ರ ಸೆಪ್ಟೆಂಬರಿನಲ್ಲಿ ಬೇರೆ ಸರಕುಗಳ ಮೇಲಿನ ಸೆಸ್ ತೆಗೆದರೂ, ಆ ಸಾಲ ತೀರುವ ತನಕ ಸಿಗರೇಟು, ಗುಟ್ಕಾದ ಮೇಲೆ ಅದನ್ನು ಉಳಿಸಲು ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು. ಬ್ಯಾರನ್‌ನಲ್ಲಿ ಹದ ಮಾಡಿ ಹರಾಜು ಮಾರುಕಟ್ಟೆಗೆ ಸೊಪ್ಪು ಒಯ್ಯುವ ರೈತನಿಗೆ ಈ ಲೆಕ್ಕ ಯಾರೂ ಹೇಳಿರಲಿಕ್ಕಿಲ್ಲ.

ಹೇಳಬೇಕಾದ ಜಾಗವೇ ಖಾಲಿಯಾಗಿತ್ತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಮೊದಲು ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದವು. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದಲ್ಲಿ ಚುನಾಯಿತ ಸದಸ್ಯರಿಲ್ಲದ ತಾಲ್ಲೂಕು ಪಂಚಾಯತಿಯನ್ನು ಅಧಿಕಾರಿಗಳು ನಡೆಸಿದರು. ಅದೇ ಅವಧಿಯಲ್ಲಿ ತಾಲ್ಲೂಕಿಗೊಂದು ಗ್ಯಾರಂಟಿ ಅನುಷ್ಠಾನ ಸಮಿತಿ ಬಂತು. ಅದರಲ್ಲಿ ಆಳುವ ಪಕ್ಷದ ಕಾರ್ಯಕರ್ತರು, ಅಧ್ಯಕ್ಷರಿಗೆ ತಿಂಗಳ ಗೌರವಧನ. 2025ರ ಮಾರ್ಚ್‌ನಲ್ಲಿ ಇದರ ವಿರುದ್ಧ ವಿಧಾನಸಭೆಯಲ್ಲಿ ಗದ್ದಲವೆದ್ದಿತು. ಗದ್ದಲ ಸಮಿತಿಗಳ ಗೌರವಧನದ ಬಗ್ಗೆ. ತಾಲ್ಲೂಕು ಪಂಚಾಯತಿ ಚುನಾವಣೆ ಎಂದು ಎಂಬ ಪ್ರಶ್ನೆಗೆ ಎರಡೂ ಕಡೆಯಿಂದ ಅಷ್ಟು ದನಿ ಬರಲಿಲ್ಲ.